ಗ್ಲಾಸ್ಗೋವಿನ ನೂರಹತ್ತು ನಿಮಿಷ

ಗೆದ್ದವರ ಚಿತ್ರವು ಮರುದಿನದ ಪತ್ರಿಕೆಯ ಮೊದಲನೆಯ ಪುಟದಲ್ಲಿ ಅಚ್ಚಾಗುತ್ತದೆ. ಸೋತವರದು ಒಳಪುಟಕ್ಕೆ ಸರಿಯುತ್ತದೆ. ಇದು ಲೋಕರೂಢಿ. ನಾವು ಇಂದು ಹೇಳಹೊರಟಿರುವುದು ಒಳಪುಟಕ್ಕೆ ಸೇರಬೇಕಾದ ಕಥೆಯೆಂದು ವಾಚಕರಲ್ಲಿ ಕೆಲವರು ಭಾವಿಸಬಹುದು. ಓದಿ ಮುಗಿಸಿದ ಬಳಿಕ ಅವರು ಹಾಗೆಯೇ ಹೇಳಿದರೂ ನಮಗೆ ವ್ಯಾಜ್ಯವಿಲ್ಲ.

2017ನೆಯ ಇಸವಿ ಆಗಸ್ಟ್ ತಿಂಗಳ 27ನೆಯ ತಾರೀಖು, ಭಾನುವಾರ. ಗಣೇಶನ ಹಬ್ಬ ಕಳೆದು ಎರಡು ದಿನಗಳಾಗಿದ್ದುವು. ಮನೆಯಲ್ಲಿ ಚಕ್ಕುಲಿಯ ಡಬ್ಬಿ ಇನ್ನೂ ಬರಿದಾಗಿರಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ನಡೆಯುತ್ತಿದ್ದ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್ಪಿನ ಕೊನೆಯ ದಿನವದು. ಸ್ತ್ರೀಯರ ಸಿಂಗಲ್ಸಿನ ಅಂತಿಮ ಪಂದ್ಯದಲ್ಲಿ ಹೈದರಾಬಾದಿನ ಪಿ. ವಿ. ಸಿಂಧು ಜಪಾನಿನ ನೊಜೊಮಿ ಓಕುಹಾರಾ ಎಂಬಾಕೆಯನ್ನು ಎದುರಿಸಬೇಕಾಗಿತ್ತು. ಮನೆಯ ಮಕ್ಕಳು ಟೆಲಿವಿಷನ್ನಿನ ಮುಂದೆ ಚಾಪೆ ಹಾಸಿ ಕುಳಿತರು. ನಾವೂ ಅರ್ಧ ಗಂಟೆ ನೋಡಿ ಊಟಕ್ಕೆ ಏಳೋಣವೆಂದು ಕುಳಿತೆವು. ಎಲೆ ಹಾಕಿ ಕರೆದ ಧ್ವನಿ ಒಳಗಿನಿಂದ ಮೂರು ಸಲ ಕೇಳಿಸಿತು. ನಾಲ್ಕನೆಯ ಸಲ ಕರೆಯಬೇಕಾಗಿದ್ದವರೇ ಕೈಯಲ್ಲಿ ಸೌಟು ಹಿಡಿದುಕೊಂಡು ಬಾಗಿಲಲ್ಲಿ ನಿಂತು ನೋಡಲಾರಂಭಿಸಿದ್ದರು.

ಈ ಆಟವನ್ನು ಸಮೀಪದಿಂದ ನೋಡದ ವಾಚಕರ ಸಲುವಾಗಿ ಎರಡು ಮಾತು ಹೇಳಬೇಕಾಗುತ್ತದೆ. ನಮ್ಮ ಊರುಗಳ ಬಯಲುಗಳಲ್ಲಿ ಹಳದಿಯ ಉಣ್ಣೆಯ ಚೆಂಡಿನಿಂದ ಐದೈದು ಮಂದಿ ಕೂಡಿ ಆಡುವ ಬಾಲ್ ಬ್ಯಾಡ್ಮಿಂಟನ್ ಬೇರೆ. ಇದು ಷಟಲ್ಲಿನ ಆಟ. ಕಾರ್ಕಿನ ಪುಟ್ಟ ತಲೆಗೆ 16 ಗರಿಗಳನ್ನು ಚುಚ್ಚಿ ಮಾಡಿದ ಷಟಲ್ ಐದು ಗ್ರಾಮಿನಷ್ಟು ತೂಗುತ್ತದೆ. ನಮ್ಮ ಪುಣೆಯ ದಂಡಿನಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು 1870ರ ದಶಕದಲ್ಲಿ ಇದನ್ನು ಆಡಿ ನಿಯಮಗಳನ್ನು ಗೊತ್ತುಮಾಡಿಕೊಂಡಿದ್ದರು. ಆಟಕ್ಕೆ ಹೆಸರು ಬಂದದ್ದು ಇಂಗ್ಲೆಂಡಿನಲ್ಲಿ ಬ್ಯೂಫೋರ್ಟ್ ಡ್ಯೂಕರ ಬ್ಯಾಡ್ಮಿಂಟನ್ ಎಂಬ ಮಹಲಿನಿಂದ. ಸಿಂಗಲ್ಸಿನ ಅಂಗಳ 44 ಅಡಿ ಉದ್ದ, 17 ಅಡಿ ಅಗಲ; ನಡುವೆ 5 ಅಡಿ ಎತ್ತರದ ನೆಟ್. ಷಟಲ್ ನೆಲಕ್ಕೆ ಬೀಳಬಾರದು. ಆಟದ ತಿರುಳು ಇಷ್ಟೇ. ಚೆಂಡಾದರೆ ಒಂದು ಪುಟ ನೆಗೆದು ಆಡುವವನಿಗೆ ಉಸಿರು ಬಿಡಲು ಅವಕಾಶ ಕೊಡುತ್ತದೆ. ಗರಿಯ ಷಟಲ್ಲಿಗೆ ಅಂಥಾ ದಾಕ್ಷಿಣ್ಯವಿಲ್ಲ.

ಸ್ತ್ರೀಯರು ಚೆಂಡಾಡುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿಯೆಂಬ ರಾಜಪುತ್ರಿಯು ದೇವಿಯ ಪ್ರೀತ್ಯರ್ಥವಾಗಿ ಜನರೆದುರಿನಲ್ಲಿ ಚೆಂಡಾಡುವ ಸಂದರ್ಭವುಂಟು. ಕಾಳಿದಾಸನು ಕುಮಾರಸಂಭವದಲ್ಲಿ ತಪಸ್ಸಿಗೆ ನಿಂತ ಪಾರ್ವತಿಯನ್ನು ವರ್ಣಿಸುವಾಗ, ಮೊದಲು ಚೆಂಡಾಟಕ್ಕೂ ದಣಿಯುತ್ತಿದ್ದ ಅವಳ ಸೌಕುಮಾರ್ಯವನ್ನು ನೆನೆಯುತ್ತಾನೆ. ಈ ಭಾಗವನ್ನು ನಾವು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೇವೆ. ದಣಿವೆಂಬ ಮಾತನ್ನು ಹಿಡಿದು ಸ್ತ್ರೀಸೌಕುಮಾರ್ಯವನ್ನು ಸವಿಸ್ತಾರವಾಗಿ ವಿವರಿಸುತ್ತಿದ್ದೆವು. ಹಾಗೆ ದಣಿದವಳೇ ಮುಂದೆ ತಪಸ್ವಿಗಳನ್ನು ಮೀರಿಸಿದಳೆಂಬ ಭಾಗಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು.

ಇಂಗ್ಲಿಷರ ನಿಯಮಪುಸ್ತಕವೂ ನಮ್ಮ ಪಾಠದ ಹಾಗೆಯೇ ಇದ್ದಿತೆಂದು ತೋರುತ್ತದೆ. ಆಲ್ ಇಂಗ್ಲೆಂಡ್ ಪಂದ್ಯಾವಳಿಯು 1899ರಲ್ಲಿ ಆರಂಭವಾಯಿತು; 1900ರಲ್ಲಿ ಸ್ತ್ರೀಯರ ಸಿಂಗಲ್ಸ್ ಅದಕ್ಕೆ ಸೇರಿತು. ಮೊದಲ ವರ್ಷ ಗೆದ್ದ ಎಥೆಲ್ ತಾಮ್ಸನ್ ಎಂಬಾಕೆ ಮುಂದೆ ವಿವಾಹಿತೆಯಾಗಿ 1912ರಲ್ಲಿ ವಿಂಬಲ್ಡನ್ನಿನ ಟೆನ್ನಿಸ್ ಪಂದ್ಯಾವಳಿಯನ್ನೂ ಗೆದ್ದಳು. ಹೀಗೆ ಸಮರ್ಥರಾದ ಸ್ತ್ರೀಯರು ಮೊದಲಿನಿಂದಲೂ ಇದ್ದರು. ಆದರೂ ಬಹುಕಾಲದವರೆಗೆ ಪುರುಷರ ಒಂದೊಂದು ಆಟ 15 ಪಾಯಿಂಟಿಗೆ ಮುಗಿಯುತ್ತಿದ್ದರೆ, ಸ್ತ್ರೀಯರ ಸಿಂಗಲ್ಸಿನಲ್ಲಿ 11ಕ್ಕೇ ಮುಗಿಸಬೇಕೆಂಬ ವಿಧಿಯಿತ್ತು. ಹನ್ನೊಂದರ ಆಚೆಗೆ ಹೆಂಗಸರು ತಾಳಲಾರರೆಂಬುದು ಅದರ ಅಂತರಾರ್ಥ. 2006ರಲ್ಲಿ ಎಣಿಕೆಯ ಕ್ರಮವನ್ನೇ ಬದಲಾಯಿಸಿದರು. ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟು ಎಂಬ ಹಳೆಯ ಪದ್ಧತಿ ಹೋಗಿ, ಯಾರು ಗೆದ್ದರೂ ಪಾಯಿಂಟು ಎಂದಾಯಿತು. ಗಂಡಸಾಗಲಿ ಹೆಂಗಸಾಗಲಿ ಮೂರರಲ್ಲಿ ಎರಡು ಆಟ, ಆಟಕ್ಕೆ 21 ಪಾಯಿಂಟು. ಇಬ್ಬರೂ 20ಕ್ಕೆ ಸಮನಾದರೆ ಎರಡು ಪಾಯಿಂಟುಗಳ ಅಂತರ ದೊರೆಯುವವರೆಗೆ ಆಟ ಮುಂದುವರಿಯಬೇಕು, 30ಕ್ಕೆ ಕೊನೆ. ಟೆಲಿವಿಷನ್ನಿನ ಅನುಕೂಲ ಕಾಲದ ಅನುಕೂಲಗಳು ಇದರ ಹಿಂದೆ ಇದ್ದುವು. ಸಮಾನತೆಯ ಪ್ರೇಮದಿಂದಲೇ ಮಾಡಿದರೆಂದು ನಾವು ಹೇಳಲಾರೆವು. ಆದರೂ ಆದದ್ದು ಒಳ್ಳೆಯದೇ ಆಯಿತು. ಗ್ಲಾಸ್ಗೋವಿನ ಪಂದ್ಯವು ನಡೆದದ್ದು ಈ ನಿಯಮದಂತೆ.

ಅಂದು ಎದುರುಬದುರಾಗಿ ನಿಂತ ಇಬ್ಬರೂ 1995ರಲ್ಲಿ ಹುಟ್ಟಿದವರು. ಇಬ್ಬರಿಗೂ 22ರ ವಯಸ್ಸು. ಸಾಮ್ಯವು ಅಲ್ಲಿಗೆ ಮುಗಿಯಿತು. ಸಿಂಧುವಿನ ಎತ್ತರ ಆರಡಿಗೆ ಒಂದೆರಡು ಅಂಗುಲ ಕಡಮೆ. ಓಕುಹಾರಾ ಐದಡಿಗೆ ಅಂಗುಲವೊಂದು ಹೆಚ್ಚು. ಸಿಂಧು ಮೇಲಿನಿಂದ ಬಾಗಿಸಿ ಹೊಡೆವ ಸ್ಮ್ಯಾಷ್ ನೆಟ್ಟನ್ನು ದಾಟಿದೊಡನೆ ಕಡಿದಾಗಿ ಇಳಿಯುತ್ತದೆ. ಓಕುಹಾರಾಳ ಬಲವಿದ್ದುದು ಕಾಲುಗಳಲ್ಲಿ ಮತ್ತು ತಾಳ್ಮೆಯಲ್ಲಿ. ಎದುರಾಳಿಯು ಮುಗಿಯಿತೆಂದು ತಿಳಿದ ಹೊಡೆತವನ್ನು ಆಕೆ ನೆಲದಿಂದ ಗೇಣುದ್ದದಲ್ಲಿ ಎತ್ತಿ ಅಂಗಳದ ಹಿಂದಿನ ಮೂಲೆಗೆ ಕಳುಹಿಸುತ್ತಿದ್ದಳು. ಎದುರಾಳಿಯು ಅಲ್ಲಿಗೆ ಓಡಿದಾಗ ಮುಂದಿನ ಷಟಲ್ಲನ್ನು ನೆಟ್ಟಿನ ಪಕ್ಕದಲ್ಲಿ ಮೆಲ್ಲನೆ ಬೀಳಿಸುತ್ತಿದ್ದಳು. ಅಂಗಳಕ್ಕೆ ಇಳಿಯುವಾಗ ಅದಕ್ಕೆ ತಲೆಬಾಗಿ ವಂದಿಸುವ ಅಭ್ಯಾಸವೂ ಈಕೆಗೆ ಉಂಟು. ನಮ್ಮ ಮನೆಯ ಹಿರಿಯರಿಗೆ ಇದು ಬಹಳ ಹಿಡಿಸಿತು. ಪಂದ್ಯದ ನಡುವೆ ಎರಡು ಸಲ ಆಕೆಯ ಪಕ್ಷವನ್ನೂ ವಹಿಸಿದರು.

ಒಂದು ವರ್ಷದ ಹಿಂದೆ, 2016ರ ರಿಯೋ ಒಲಿಂಪಿಕ್ಸಿನ ಸೆಮಿಫೈನಲ್ಲಿನಲ್ಲಿ ಸಿಂಧು ಇದೇ ಓಕುಹಾರಾಳನ್ನು 21–19, 21–10ರಿಂದ ಸೋಲಿಸಿದ್ದಳು. ಅಂತಿಮ ಪಂದ್ಯದಲ್ಲಿ ಸ್ಪೇನಿನ ಕರೊಲಿನಾ ಮರೀನಳಿಗೆ ಮೂರು ಆಟಗಳಲ್ಲಿ ಸೋತು ಬೆಳ್ಳಿಯ ಪದಕವನ್ನು ತಂದಿದ್ದಳು. ಗ್ಲಾಸ್ಗೋವಿನಲ್ಲಿ ಆ ಮರೀನಳನ್ನು ಓಕುಹಾರಾ ಕ್ವಾರ್ಟರ್ ಫೈನಲ್ಲಿನಲ್ಲಿಯೇ ಹೊರಗೆ ಕಳುಹಿಸಿದಳು; ಮರುದಿನ ಸೆಮಿಫೈನಲ್ಲಿನಲ್ಲಿ ನಮ್ಮ ಸೈನಾ ನೆಹವಾಲಳನ್ನು ಮೂರು ಆಟಗಳಲ್ಲಿ ಸೋಲಿಸಿದಳು. ಸೈನಾ ಆ ಕಾಲದಲ್ಲಿ ಬೆಂಗಳೂರಿನಲ್ಲಿ ಪ್ರಕಾಶ ಪಡುಕೋಣೆಯವರ ಅಕಾಡೆಮಿಯಲ್ಲಿ ವಿಮಲ್ ಕುಮಾರರ ಬಳಿ ಅಭ್ಯಾಸ ಮಾಡುತ್ತಿದ್ದಳು. ಆಕೆಗೆ ಕಂಚಿನ ಪದಕ ಬಂದಿತು. ಒಂದೇ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭಾರತಕ್ಕೆ ಎರಡು ಪದಕಗಳು ಬಂದದ್ದು ಅದೇ ಮೊದಲು. ಎರಡನ್ನೂ ತಂದವರು ಹೆಣ್ಣುಮಕ್ಕಳು.

ಸಿಂಧುವಿನ ಗುರು ಪುಲ್ಲೇಲ ಗೋಪೀಚಂದರೂ ಒಂದು ಕಾಲಕ್ಕೆ ಪಡುಕೋಣೆಯವರ ಬೆಂಗಳೂರಿನ ಅಕಾಡೆಮಿಯಲ್ಲಿ ಕಲಿತವರು. ಪಡುಕೋಣೆಯವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು, ಗೋಪೀಚಂದರು 2001ರಲ್ಲಿ ಗೆದ್ದರು. ನಮ್ಮ ಕೊಡಗಿನ ಮನೆತನದ ಅಶ್ವಿನಿ ಪೊನ್ನಪ್ಪ ಜ್ವಾಲಾ ಗುಟ್ಟಾಳೊಡನೆ ಸೇರಿ 2011ರಲ್ಲಿ ಲಂಡನ್ನಿನಲ್ಲಿ ಡಬಲ್ಸಿನ ಕಂಚನ್ನು ಗೆದ್ದಾಗ, ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಭಾರತದ ಸ್ತ್ರೀಯರಿಗೆ ಬಂದ ಮೊದಲನೆಯ ಪದಕ ಅದಾಯಿತು. ಸಿಂಧು 2013ರಲ್ಲಿಯೂ 2014ರಲ್ಲಿಯೂ ಸಿಂಗಲ್ಸಿನ ಕಂಚನ್ನು ಪಡೆದಳು. ಹೀಗೆ ಗುರುಪರಂಪರೆಯೊಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೋಗಿ ನೆಲೆಸಿತ್ತು.

ಇನ್ನು ಪಂದ್ಯದ ಮಾತು. ಮೊದಲನೆಯ ಆಟವು ಓಕುಹಾರಾಳಿಗೆ 21–19ರಿಂದ ಹೋಯಿತು. ಇಷ್ಟು ಹೊತ್ತಿಗೇ ಇಬ್ಬರ ಅಂಗಿಗಳೂ ತೊಯ್ದಿದ್ದುವು. ಎರಡನೆಯ ಆಟವೂ 20ಕ್ಕೆ ಸಮನಾಯಿತು. ಅಲ್ಲಿಂದ ಎರಡು ಪಾಯಿಂಟು ಓಕುಹಾರಾಳಿಗೆ ಸಿಕ್ಕಿದ್ದರೆ ಪಂದ್ಯವು ಅಲ್ಲಿಗೇ ಮುಗಿಯುತ್ತಿತ್ತು. ಸಿಂಧು ಒಂದನ್ನು ಗಳಿಸಿ 21 ಮಾಡಿದಳು. ತರುವಾಯದ ಪಾಯಿಂಟಿನ ಸಲುವಾಗಿಯೇ ಈ ಪಂದ್ಯವನ್ನು ಜನರು ಇಂದಿಗೂ ನೆನೆಯುತ್ತಾರೆ.

ಷಟಲ್ ಹೋಯಿತು, ಬಂದಿತು. ಹಿಂದಿನ ಮೂಲೆಗೆ ಹೋಯಿತು, ನೆಟ್ಟಿನ ಬಳಿಗೆ ಬಂದಿತು, ಎಡಕ್ಕೆ, ಬಲಕ್ಕೆ. ನಮ್ಮ ತಮ್ಮನ ಮಗಳು, ಆಗ ಹನ್ನೆರಡು ವರ್ಷದವಳು, ಗಟ್ಟಿಯಾಗಿ ಎಣಿಸತೊಡಗಿದಳು. ಇಪ್ಪತ್ತಾಯಿತು, ಮೂವತ್ತಾಯಿತು, ನಲವತ್ತರ ಬಳಿ ಲೆಕ್ಕ ತಪ್ಪಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಟ ನಿಲ್ಲಲಿಲ್ಲ. ಹೊಡೆತದಿಂದ ಹೊಡೆತಕ್ಕೆ ಇಬ್ಬರ ಕಾಲುಗಳೂ ಭಾರವಾಗುತ್ತಿದ್ದುದು ನಮ್ಮಂಥಾ ಅರಿಯದವರಿಗೂ ಕಾಣುತ್ತಿತ್ತು. ಆದರೂ ಒಬ್ಬಳೂ ಸುಲಭವಾದ ಹೊಡೆತವನ್ನು ಹೊಡೆದು ಕೈಬಿಡಲಿಲ್ಲ. ಕೊನೆಗೆ ಪಾಯಿಂಟು ಸಿಂಧುವಿಗೆ ಬಂದು ಆಟ 22–20 ಆಯಿತು. ಇಬ್ಬರೂ ಬಸವಳಿದಿದ್ದರು. ಆ ಒಂದು ಪಾಯಿಂಟಿನಲ್ಲಿ 73 ಹೊಡೆತಗಳಿದ್ದುವೆಂದು ಮರುದಿನದ ಪತ್ರಿಕೆಯಿಂದ ತಿಳಿಯಿತು.

ಇದರ ಮೇಲೆ ಇನ್ನೊಂದು ಆಟವನ್ನು ಆಡಬೇಕಾಗಿತ್ತು! ಆಟಕ್ಕೂ ಆಟಕ್ಕೂ ನಡುವೆ ಬಿಡುವು ಎರಡು ನಿಮಿಷ. ಆಟದಲ್ಲಿ ಮುಂದಿರುವವರು 11 ಮುಟ್ಟಿದಾಗ ಒಂದು ನಿಮಿಷ. ನೀರು ಗುಟುಕರಿಸಿ ಬೆವರೊರೆಸುವಷ್ಟರಲ್ಲಿ ಅದು ಮುಗಿಯುತ್ತದೆ. ಮೂರನೆಯ ಆಟವೂ 20ಕ್ಕೆ ಸಮನಾಯಿತು. ಮೂರು ಆಟಗಳೂ ಹೀಗೆ ಕತ್ತಿಯ ಅಲಗಿನ ಮೇಲೆ ನಿಂತ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯವನ್ನು ನಾವು ಮತ್ತೆ ನೋಡಿಲ್ಲ. ಕೊನೆಯ ಎರಡು ಪಾಯಿಂಟುಗಳು ಓಕುಹಾರಾಳಿಗೆ ಸಂದುವು: 22–20. ಪಂದ್ಯವು 110 ನಿಮಿಷ ನಡೆದಿತ್ತು. ಜಪಾನಿನ ಆಟಗಾರರಲ್ಲಿ ಸಿಂಗಲ್ಸಿನ ವಿಶ್ವಪದವಿಯನ್ನು ಮೊದಲು ಪಡೆದವಳು ಓಕುಹಾರಾಳೇ. ಅಂದಿನ ಪುರುಷರ ಸಿಂಗಲ್ಸಿನ ಅಂತಿಮ ಪಂದ್ಯವನ್ನು ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್ಸನ್ ಚೀನದ ಪ್ರಖ್ಯಾತನಾದ ಲಿನ್ ಡಾನನ ಮೇಲೆ ಎರಡೇ ಆಟಗಳಲ್ಲಿ ಮುಗಿಸಿಬಿಟ್ಟನು. ಹನ್ನೊಂದರ ವಿಧಿಯನ್ನು ಬರೆದವರು ಬದುಕಿದ್ದು ಆ ಎರಡು ಪಂದ್ಯಗಳನ್ನೂ ನೋಡಬೇಕಾಗಿತ್ತು.

ಆಗ ನಾವಿನ್ನೂ ನಿವೃತ್ತರಾಗಿರಲಿಲ್ಲ. ಸೋಮವಾರ ಬೆಳಗ್ಗೆ ಶಾಲೆಗೆ ಹೋದಾಗ ಅಧ್ಯಾಪಕರ ಕೊಠಡಿಯಲ್ಲಿ ಕೇಳಿಬಂದ ಮೊದಲ ಮಾತು, “ಸೋತಳಂತೆ. ಮತ್ತೆ ಬೆಳ್ಳಿಯೇ!” ಎಂಬುದು. ಹೇಳಿದವರು ಪಂದ್ಯವನ್ನು ನೋಡಿರಲಿಲ್ಲ. ಅವರನ್ನು ನಾವು ಆಕ್ಷೇಪಿಸುವುದಿಲ್ಲ. ಪರೀಕ್ಷೆಯಲ್ಲಿ ತೊಂಬತ್ತೆಂಟು ತಂದ ಹುಡುಗನನ್ನು ಉಳಿದೆರಡು ಎಲ್ಲಿ ಹೋದುವೆಂದು ಕೇಳುವುದು ನಮ್ಮ ವೃತ್ತಿಯ ದೋಷ. ಆ ದಿನ ಮಾತ್ರ ನಾವು ಸೀಮೆಸುಣ್ಣವನ್ನು ತೆಗೆದುಕೊಂಡು ಕರಿಹಲಗೆಯ ಮೇಲೆ ಕೂಡಿಸಿದೆವು. ಓಕುಹಾರಾಳ ಪಾಯಿಂಟುಗಳು 21, 20, 22: ಒಟ್ಟು 63. ಸಿಂಧುವಿನವು 19, 22, 20: ಒಟ್ಟು 61. ನೂರ ಇಪ್ಪತ್ತನಾಲ್ಕು ಪಾಯಿಂಟುಗಳ ಯುದ್ಧದಲ್ಲಿ ಅಂತರ ಎರಡು. ಬಿಡುವನ್ನೂ ಸೇರಿಸಿ ಭಾಗಿಸಿದರೆ ಒಂದೊಂದು ಪಾಯಿಂಟಿಗೂ 53 ಸೆಕೆಂಡುಗಳ ಮೇಲೆ ಹಿಡಿಯಿತು. ಇಂಥಾ ಸ್ಥಿತಿಯಲ್ಲಿ ಗೆದ್ದವಳು ಸೋತವಳು ಎಂಬ ಶಬ್ದಗಳು ಪದಕವನ್ನು ಹಂಚುವುದಕ್ಕೆ ಬೇಕಾದುವೇ ವಿನಾ ಬೇರಾವ ವಿವೇಚನೆಗೂ ಸಾಲವೆಂದು ನಮಗೆ ತೋರಿತು. ಸಹೋದ್ಯೋಗಿಗಳು ನಕ್ಕು, “ಸಂಸ್ಕೃತದ ಮೇಷ್ಟರು ಗಣಿತಕ್ಕೆ ಇಳಿದರು” ಎಂದರು.

ಹಲಗೆಯ ಮೇಲಿನ ಲೆಕ್ಕವನ್ನು ಕಿಟಕಿಯ ಹೊರಗಿನಿಂದ ಎಂಟನೆಯ ತರಗತಿಯ ಬಾಲಕಿಯರು ಓದಿದ್ದರೆಂದು ನಮಗೆ ತಿಳಿದದ್ದು ಸಂಜೆಗೆ. ನಾಲ್ವರು ಬಂದು ನಿಂತರು. ಮೂವರು ನಾಲ್ಕನೆಯವಳನ್ನು ಮುಂದೆ ನೂಕಿದರು. ಅವಳು ಸೆರಗಿನಂತೆ ದುಪಟ್ಟಾದ ಅಂಚನ್ನು ಸುತ್ತುತ್ತ, “ಸಾರ್, ನಮಗೂ ಒಂದು ನೆಟ್ಟು ಕಟ್ಟಿಸಿಕೊಡುತ್ತೀರಾ?” ಎಂದಳು.

ಇಲ್ಲಿ ನಾವು ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ನಮ್ಮ ಶಾಲೆಯಲ್ಲಿ ಸಂಜೆಯ ಗಂಟೆ ಹೊಡೆದ ಮೇಲೆ ಬಾಲಕರಿಗೆ ಬಯಲು, ಬಾಲಕಿಯರಿಗೆ ಮನೆ ಎಂಬ ಏರ್ಪಾಡಿತ್ತು. ಕತ್ತಲಾಗುತ್ತದೆ, ಬಸ್ಸು ತಪ್ಪುತ್ತದೆ, ಮನೆಯವರು ಏನೆಂದಾರು ಎಂಬ ಕಾರಣಗಳನ್ನು ನಾವೂ ಹೇಳಿಕೊಂಡು ಬಂದಿದ್ದೆವು. ಏರ್ಪಾಡನ್ನು ಮಾಡಿದವರು ನಾವಲ್ಲ. ಆದರೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅದನ್ನು ನಡೆಸಿಕೊಂಡು ಬಂದವರು ನಾವೇ. ಆ ಇಪ್ಪತ್ತು ವರ್ಷಗಳಲ್ಲಿ ಒಬ್ಬ ಹುಡುಗಿಯೂ ಕೇಳಿರಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದೆವೋ ನಮಗೇ ಅನುಮಾನ. ಅಂದು ಮಾತ್ರ ಇಲ್ಲವೆನ್ನಲು ನಾಲಿಗೆ ಬರಲಿಲ್ಲ. ಹಲಗೆಯ ಮೇಲೆ 63, 61 ಇನ್ನೂ ಹಾಗೆಯೇ ಇದ್ದುವು.

ಹೊಸ ನೆಟ್ಟಿಗೆ ಹಣವಿರಲಿಲ್ಲ. ಹರಿದುಹೋಗಿದ್ದ ವಾಲಿಬಾಲಿನ ನೆಟ್ಟನ್ನು ಹುರಿಯಿಂದ ಹೊಲಿಸಿ ಐದಡಿಗೆ ಇಳಿಸಿ ಕಟ್ಟಿದೆವು. ಸಿಂಧುವಿನ ತಂದೆ ರಮಣ ಮತ್ತು ತಾಯಿ ವಿಜಯಾ ಇಬ್ಬರೂ ವಾಲಿಬಾಲ್ ಆಟಗಾರರು. ತಂದೆ 1986ರ ಏಷ್ಯನ್ ಕ್ರೀಡೆಗಳಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು. ಇದನ್ನು ಹೇಳಿದಾಗ ಬಾಲಕಿಯರಿಗೆ ಹರಕು ನೆಟ್ಟಿನ ಮೇಲೆ ಗೌರವ ಹುಟ್ಟಿತು. ಸುಣ್ಣದ ಪುಡಿಯಿಂದ ಗೆರೆ ಎಳೆಯುವಾಗ ಉದ್ದಕ್ಕೆ 44 ಅಡಿ ಸಿಕ್ಕಿತು. ಅಗಲಕ್ಕೆ 17ರ ಬದಲು 14 ಮಾತ್ರ. ಒಂದು ಕಡೆ ಹೊಂಗೆಯ ಮರ, ಇನ್ನೊಂದು ಕಡೆ ನೀರಿನ ತೊಟ್ಟಿ. ಗರಿಯ ಷಟಲ್ ನಮಗೆ ದುಬಾರಿ, ಪ್ಲಾಸ್ಟಿಕ್ಕಿನವನ್ನು ತರಿಸಿದೆವು. ಮನೆಗಳಿಂದ ಬಂದ ಆಕ್ಷೇಪಣೆ ಎರಡೇ. ಅದರಲ್ಲಿ ಒಂದು, ಹುಡುಗಿ ಮನೆಗೆ ಬಂದೊಡನೆ ಎರಡು ರೊಟ್ಟಿ ಹೆಚ್ಚಾಗಿ ತಿನ್ನುತ್ತಾಳೆಂಬುದು.

ಸಿಂಧುವಿನ ವಿಷಯಕ್ಕೆ ಬರೋಣ. ಗ್ಲಾಸ್ಗೋವಿನ ಪಂದ್ಯ ಮುಗಿದು ಮೂರು ವಾರಗಳಾಗುವಷ್ಟರಲ್ಲಿ ಸಿಯೋಲಿನಲ್ಲಿ ನಡೆದ ಕೊರಿಯಾ ಓಪನ್ನಿನ ಅಂತಿಮ ಪಂದ್ಯದಲ್ಲಿ ಆಕೆ ಓಕುಹಾರಾಳನ್ನು ಮೂರು ಆಟಗಳಲ್ಲಿ ಸೋಲಿಸಿದಳು. ಅದರ ಮುಂದಿನ ವಾರವೇ ಜಪಾನ್ ಓಪನ್ನಿನಲ್ಲಿ ಓಕುಹಾರಾ ಆಕೆಯನ್ನು ಸೋಲಿಸಿದಳು. 2018ರಲ್ಲಿ ಸಿಂಧು ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿ, ನಾನ್‌ಜಿಂಗಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬೆಳ್ಳಿ, ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ಪಡೆದಳು. ಅಂತಿಮ ಪಂದ್ಯದಲ್ಲಿ ಈಕೆಗೆ ಧೈರ್ಯ ಸಾಲದೆಂದು ಪೀಠದಲ್ಲಿ ಕುಳಿತು ಹೇಳಿದವರು ಅನೇಕರು. ವರ್ಷದ ಕೊನೆಯಲ್ಲಿ ಗ್ವಾಂಗ್‌ಜೌವಿನಲ್ಲಿ ವರ್ಲ್ಡ್ ಟೂರ್ ಫೈನಲ್ಸನ್ನು ಗೆದ್ದಳು. ಅಲ್ಲಿಯೂ ಎದುರಿನಲ್ಲಿ ಓಕುಹಾರಾಳೇ. ಕೊರಿಯದ ಕಿಮ್ ಜಿ ಹ್ಯುನ್ ಎಂಬ ಸ್ತ್ರೀಯು 2019ರಲ್ಲಿ ಶಿಕ್ಷಕಿಯಾಗಿ ಬಂದು ಆಕೆಯ ಆಟವನ್ನು ತಿದ್ದಿದಳು.

2019ರ ಆಗಸ್ಟ್ 25, ಮತ್ತೆ ಭಾನುವಾರ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ. ಮತ್ತೆ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ. ಮತ್ತೆ ಅದೇ ಇಬ್ಬರು. ಕ್ವಾರ್ಟರ್ ಫೈನಲ್ಲಿನಲ್ಲಿ ತೈವಾನಿನ ತೈ ತ್ಸು ಯಿಂಗಳ ಎದುರಿಗೆ ಮೊದಲ ಆಟವನ್ನು ಕಳೆದುಕೊಂಡು, ಎರಡನೆಯದನ್ನು 23–21ರಿಂದಲೂ ಮೂರನೆಯದನ್ನು 21–19ರಿಂದಲೂ ಗೆದ್ದು ಬಂದಿದ್ದ ಸಿಂಧುವಿನ ಮುಖದಲ್ಲಿ ಅಂದು ಬೇರೊಂದು ಕಳೆಯಿತ್ತು. ಮನೆಯಲ್ಲಿ ಈ ಸಲ ಎಲ್ಲರೂ ಮೊದಲೇ ಸಿದ್ಧರಾಗಿ ಕುಳಿತಿದ್ದರು. ರಾತ್ರಿಯ ಅಡುಗೆಯನ್ನು ಸಂಜೆಗೇ ಮುಗಿಸಿಟ್ಟಿದ್ದರು. ಆದರೆ 21–7, 21–7. 38 ನಿಮಿಷಗಳಲ್ಲಿ ಪಂದ್ಯವು ಮುಗಿದುಹೋಯಿತು! ಬ್ಯಾಡ್ಮಿಂಟನ್ನಿನ ವಿಶ್ವಪದವಿಯನ್ನು ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಭಾರತೀಯರೊಬ್ಬರು ಪಡೆದದ್ದು ಅದೇ ಮೊದಲು. ಅಂದು ತಾಯಿಯ ಹುಟ್ಟುಹಬ್ಬವಾಗಿತ್ತು. ಸಿಂಧು ಪದಕವನ್ನು ಆಕೆಗೆ ಅರ್ಪಿಸಿದಳು. ಸೌಟು ಹಿಡಿದು ನಿಂತಿದ್ದವರು ಈ ಮಾತನ್ನು ಕೇಳಿ ಕಣ್ಣೊರೆಸಿಕೊಂಡರು.

ನಮ್ಮ ತಮ್ಮನ ಮಗಳಿಗೆ ಮಾತ್ರ ಪೂರ್ತಿ ತೃಪ್ತಿಯಾದಂತೆ ಕಾಣಲಿಲ್ಲ. “ದೊಡ್ಡಪ್ಪ, ಇಷ್ಟು ಬೇಗ ಮುಗಿದುಬಿಟ್ಟಿತೆ?” ಎಂದಳು. ರಾತ್ರಿ ಊಟವಾದ ಮೇಲೆ ನಮ್ಮ ಕೈಯಿಂದ ಫೋನನ್ನು ತೆಗೆದುಕೊಂಡು ಚಾಪೆಯ ಮೇಲೆ ಮಲಗಿ ಏನನ್ನೋ ನೋಡುತ್ತಿದ್ದಳು. ಬಗ್ಗಿ ನೋಡಿದರೆ ಅದು ಬಾಸೆಲಿನ ಪಂದ್ಯವಲ್ಲ. ಗ್ಲಾಸ್ಗೋವಿನದು, ಎರಡನೆಯ ಆಟದ ಕೊನೆಯ ಪಾಯಿಂಟು. ತುಟಿಯಲ್ಲಿಯೇ ಎಣಿಸುತ್ತಿದ್ದಳು. ಈ ಸಲ ಲೆಕ್ಕ ತಪ್ಪಲಿಲ್ಲ. ಎಪ್ಪತ್ತಮೂರಕ್ಕೆ ಸರಿಯಾಗಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಕಿದಳು.